ತಪ್ಪನ್ನು ನೋಡುವ ಧೈರ್ಯ

“ನೋಡಿದ್ಯೇನಮ್ಮ?” ಎಂದು ನಾನು ಕೇಳಿದೊಡನೆ ರೇಖಾಳ ಬೆರಳುಗಳು ಲ್ಯಾಪ್‌ಟಾಪಿನ ಮೇಲೆ ನಿಂತುಬಿಟ್ಟವು, ಕಣ್ಣು ತುಂಬಿದವು. ಪುಟ್ಟೇನಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಆಕೆ ನೆಟ್‌ವರ್ಕ್ ಎಂಜಿನಿಯರ್. ಆ ವೃತ್ತಿಯ ಅತಿ ಕಠಿಣ ಪ್ರಾಯೋಗಿಕ ಪರೀಕ್ಷೆಯಲ್ಲಿ ಪದೇ ಪದೇ ಅನುತ್ತೀರ್ಣಳಾಗಿದ್ದಳು. ಈ ವರ್ಷವೂ ತೇರ್ಗಡೆಯಾಗದಿದ್ದರೆ ಆ ಕೆಲಸದಿಂದ ತೆಗೆದು ಬೇರೆ ವಿಭಾಗಕ್ಕೆ ಹಾಕುವುದಾಗಿ ಕಂಪನಿ ಹೇಳಿತ್ತು.

ಶಿಲಾಶಾಸನಗಳ ತೇದಿಗಳನ್ನು ತಾಳೆ ನೋಡುತ್ತಲೇ ನಿವೃತ್ತನಾದ ನನಗೆ ಆಕೆಯ ವಿದ್ಯೆ ಕಿಂಚಿತ್ತೂ ತಿಳಿಯದು. ಅಭ್ಯಾಸದ ವೇಳೆ ಎದುರು ಕುಳಿತು, ಕಂಪ್ಯೂಟರ್ ಜಾಲದ ಒಂದೊಂದು ಜೋಡಣೆ ಮುಗಿದಾಗಲೂ ಅದು ಸರಿಯಾಗಿ ನಡೆಯುತ್ತಿರುವುದನ್ನು ನೋಡಿದೆಯಾ ಎಂದು ಕೇಳುವುದಷ್ಟೇ ಆಕೆ ನನಗೆ ಒಪ್ಪಿಸಿದ್ದ ಕೆಲಸ.

“ನೋಡಲ್ಲ ಅಂಕಲ್,” ಎಂದಳು. “ನೋಡಿದ್ರೆ ತಪ್ಪು ಕಾಣತ್ತಲ್ಲ, ಆಮೇಲೆ ಕೈಯೇ ಓಡಲ್ಲ. ಎಕ್ಸಾಮಲ್ಲೂ ಹಂಗೇ, ಸರಿ ಇರತ್ತೆ ಅಂದ್ಕೊಂಡು ಮುಂದಕ್ಕೆ ಹೋಗ್ಬಿಡ್ತೀನಿ.”

ಅಂದಿನಿಂದ ಆಕೆ ನೋಡುವವರೆಗೂ ಮುಂದಿನ ಜೋಡಣೆಗೆ ನಾನು ಬಿಡಲಿಲ್ಲ. ಕಳೆದ ತಿಂಗಳು ಫಲಿತಾಂಶ ಬಂದ ದಿನ ಮೆಟ್ಟಿಲಿಳಿದು ಬಂದಳು. “ಈ ಸಲಾನೂ ಹೋಯ್ತು ಅಂಕಲ್. ಆದ್ರೆ ಎಲ್ಲಿ ತಪ್ಪಿದೆ ಅಂತ ಎಕ್ಸಾಮಲ್ಲೇ ನೋಡ್ದೆ. ತಿದ್ದೋಕೆ ಟೈಮ್ ಸಾಲ್ಲಿಲ್ಲ, ಅಷ್ಟೇ. ವರ್ಷ ಮುಗಿಯೋದ್ರೊಳಗೆ ಇನ್ನೊಂದ್ಸಲ ಬರೀತೀನಿ.”

ತಾಳೆ ನೋಡುವುದನ್ನು ನಾನು ಕೇವಲ ಶಿಸ್ತೆಂದು ಭಾವಿಸಿದ್ದೆ. ನನ್ನ ತೇದಿ ತಪ್ಪಿದ್ದರೆ ಒಂದು ಅಡಿಟಿಪ್ಪಣಿ ಬದಲಾಗುತ್ತಿತ್ತು. ಮೆಚ್ಚಿದ ಕೆಲಸವೇ ಕೈತಪ್ಪುವಂತಿರುವಾಗ ತನ್ನ ತಪ್ಪನ್ನು ತಾನೇ ಹುಡುಕಿ ನೋಡಲು ಎಷ್ಟು ಧೈರ್ಯ ಬೇಕೆಂಬುದನ್ನು ಈ ವಯಸ್ಸಿನಲ್ಲಿ ಆಕೆಯಿಂದ ಅರಿತೆ.