ರೇಡಿಯೊ ಹೊದಿಕೆಯ ನಾಲ್ಕು ಸಾಲು

ಉರಿಗಾಂನ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ರೇಡಿಯೊಗೆ ಕ್ರೋಶಾ ಹೊದಿಕೆ ಹೆಣೆಯುತ್ತಿದ್ದೆ. ಊರಿನ ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದು ನೆಲ ನಡುಗಿತು. ನನ್ನ ಗಂಡ ಆಗ ಕೆಳಗೇ ಇದ್ದರು. ಅಕ್ಕಪಕ್ಕದವರೆಲ್ಲ ಬೀದಿಗೆ ಓಡಿದರು. ನಾನು ಕಡ್ಡಿ ಕೆಳಗಿಡಲಿಲ್ಲ. ಅವರು ಮನೆಗೆ ಬರುವಷ್ಟರಲ್ಲಿ ನಾಲ್ಕು ಸಾಲು ಹೆಣೆದಿದ್ದೆ. ಹೆದರಲೇ ಇಲ್ಲವೆಂದು ಊರಿಗೆಲ್ಲ ಹೇಳಿಕೊಂಡೆ.

ಮರುವಾರ ಬೇತಮಂಗಲದಿಂದ ಬಂದ ನಾದಿನಿ ಹೊದಿಕೆಯ ಮೇಲೆ ಬೆರಳಾಡಿಸಿದಳು. "ಈ ನಾಕು ಸಾಲು ಕಲ್ಲಿನಂಗೆ ಬಿಗಿದೋಗೈತೆ. ಬಿಚ್ಚಿ ಆಕು ಅತ್ಗೆ."

ನನಗೆ ಸಿಟ್ಟು ಬಂತು. "ಹೆಣೆಯೋಕೆ ನಂಗೆ ಬರಾಕಿಲ್ವಾ? ಮಿಕ್ಕಿದ್ದು ನೋಡು. ಇದನ್ನ ಮಾತ್ರ ಬಿಚ್ಚಾಕಿಲ್ಲ."

ಕಾಫಿ ಕುಡಿಯುತ್ತಿದ್ದ ಗಂಡ ಲೋಟ ಕೆಳಗಿಟ್ಟರು. ಎದ್ದು ಬಂದು, ಆ ನಾಲ್ಕು ಸಾಲು ಮುಂದಕ್ಕೆ ಬರುವಂತೆ ಹೊದಿಕೆಯನ್ನು ತಿರುಗಿಸಿ ಹಾಕಿದರು.