ಸಾಂತಪ್ಪಣ್ಣ ಉಜ್ಜಿದ ಪಿಸ್ತೂಲು

ಸೌದಿಯ ಹುಫೂಫಿನ ನಮ್ಮ ಬಂದೂಕಿನಂಗಡಿಯಲ್ಲಿ ಸಾಂತಪ್ಪಣ್ಣನ ಮಾತೇ ಕೊನೆಯ ಮಾತು. ಊರು ಕಾರ್ಕಳ, ಲೇತ್ ಕೆಲಸ ಕಲಿತವರು. ಸೈನ್ಯದವರು ಹಳೆಯದೆಂದು ಮಾರಿದ ಅಗ್ಗದ ಪಿಸ್ತೂಲು ಬಂದರೆ ಬಿಚ್ಚಿ, ಬ್ಯಾರೆಲಿನೊಳಗೆ ಬೆಳಕು ಬಿಟ್ಟು ನೋಡಿ, ಇದು ಗುರಿ ಹೊಡೆಯುವವರಿಗೆ, ಇದು ಸಂಗ್ರಹ ಮಾಡುವವರಿಗೆ ಎಂದು ಹೇಳಿಬಿಡುತ್ತಾರೆ. ಹೊಡೆಯುವವರಿಗೆ ಸ್ಪ್ರಿಂಗು, ಬ್ಯಾರೆಲು ಗಟ್ಟಿ ಇದ್ದರೆ ಸಾಕು. ಸಂಗ್ರಹದವರಿಗೆ ಹಳೆಯ ಬಣ್ಣ, ಹಳೆಯ ಗೀರು ಎಲ್ಲ ಇದ್ದ ಹಾಗೆಯೇ ಇರಬೇಕು, ಉಜ್ಜಿದರೆ ಕೆಟ್ಟಿತು. ಕೌಂಟರಿನಲ್ಲಿ ಕೂರುವ ನನಗೇ, ಉಪ್ಪಿನಂಗಡಿಯ ಈ ಅಬ್ದುಲ್ ಜಲೀಲನಿಗೇ, ಇಷ್ಟು ಗೊತ್ತಿರುವಾಗ ಅವರಿಗೆ ಗೊತ್ತಿರಲಿಲ್ಲವೇ? ಅದೇ ನನಗೆ ಸಿಟ್ಟು.

ಖರ್ಜೂರದ ತೋಟದ ಅಬು ನಾಸಿರ್ ಅಜ್ಜ, ತೀರಿಹೋದ ಅಣ್ಣನ ಪಿಸ್ತೂಲನ್ನು ಪರವಾನಗಿ ಸಮೇತ ತಂದಿದ್ದರು. ಸೈನ್ಯದಲ್ಲಿದ್ದಾಗ ಅಣ್ಣನ ಸೊಂಟದಲ್ಲಿದ್ದದ್ದು. ಸೈನ್ಯದವರು ಅದನ್ನು ಹಳೆಯದೆಂದು ಮಾರಿದಾಗ ಅವನೇ ಕೊಂಡಿದ್ದ. ಹಿಡಿಯ ಉಕ್ಕಿನ ಮೇಲೆ ಚೂರಿಯಿಂದ ತೆಳುವಾಗಿ ತನ್ನ ಹೆಸರು ಗೀರಿದ್ದ: ಸಾಲಿಹ್. ಅಜ್ಜನ ಕಣ್ಣಿಗೆ ಪೊರೆ ಬಂದಿತ್ತು. ಆ ಅಕ್ಷರಗಳನ್ನು ಹೆಬ್ಬೆರಳಿನಿಂದ ಸವರುತ್ತಲೇ ಮಾತಾಡುತ್ತಿದ್ದರು. ನನ್ನ ನಂತರ ಇದನ್ನು ನೋಡಿಕೊಳ್ಳುವವರಿಲ್ಲ, ಜೋಪಾನವಾಗಿ ಇಡುವವರಿಗೆ ಕೊಡಿಸಿ ಎಂದರು. ಸಾಂತಪ್ಪಣ್ಣ ಬಿಚ್ಚಿ ನೋಡಿ, ಸಂಗ್ರಹಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು ಎಂದರು.

ಅದು ಆಯುಧಪೂಜೆಯ ವಾರ. ಊರಿನ ವರ್ಕ್‌ಶಾಪಿನಲ್ಲಿ ಆ ದಿನ ಒಂದು ಸ್ಪ್ಯಾನರು ಕೂಡ ಕಪ್ಪಾಗಿ ಇರಬಾರದು. ಇಲ್ಲಿ ಹೂವಿಲ್ಲ, ಕುಂಕುಮವಿಲ್ಲ; ಸಾಂತಪ್ಪಣ್ಣ ತಮ್ಮ ಸಾಮಾನುಗಳನ್ನೆಲ್ಲ ಉಜ್ಜಿ ಫಳಫಳ ಮಾಡುತ್ತಾ ಕೂತರು. ಕೈ ಕೆಲಸದಲ್ಲಿತ್ತು, ತಲೆ ಊರಿನಲ್ಲಿತ್ತು. ಮೇಜಿನ ಮೇಲಿದ್ದ ಅಜ್ಜನ ಪಿಸ್ತೂಲನ್ನೂ ಎತ್ತಿಕೊಂಡು ಪಾಲಿಶ್ ಚಕ್ರಕ್ಕೆ ಹಿಡಿದರು. ಹೆಸರು ಪೂರ್ತಿ ಅಳಿಸಿಹೋಯಿತು.

“ಎಂತ ಮಾಡಿದ್ದು ಮಾರಾಯ್ರೆ ನೀವು?” ಎಂದೆ.

“ಗೊತ್ತೇ ಆಗ್ಲಿಲ್ಲ ಜಲೀಲ್. ಕೈ ಅದರಷ್ಟಕ್ಕೇ ಹೋಯ್ತು.”

“ಅಜ್ಜನಿಗೆ ಹೇಳಿ ಮತ್ತೆ.”

“ಯಾವ ಬಾಯಲ್ಲಿ ಹೇಳುದು?”

ಹೇಳಲಿಲ್ಲ. ಪರೀಕ್ಷೆಗೆಂದು ಮೊದಲೇ ತೆಗೆದಿದ್ದ ಫೋಟೋವನ್ನು ಫೋನಿನಲ್ಲಿ ಎದುರಿಟ್ಟುಕೊಂಡು, ತಮಗೆ ಓದಲು ಬಾರದ ಅರಬ್ಬಿ ಅಕ್ಷರಗಳನ್ನು ಸೂಜಿಯಿಂದ ಗೀರಿದರು, ಹಳೆಯದರ ಹಾಗೆ ಕಾಣಲೆಂದು ಮೇಲೆ ಕಪ್ಪು ಹಿಡಿಸಿದರು. ನಾನು ಬಾಯಿಗೆ ಬಂದಂತೆ ಬೈದೆ. ಅಜ್ಜ ಬಂದು ಹೆಬ್ಬೆರಳು ಆಡಿಸಿ, “ಇದ್ದಾನೆ, ಸಾಲಿಹ್ ಇದ್ದಾನೆ” ಎಂದರು. ಸಾಂತಪ್ಪಣ್ಣನ ಎರಡೂ ಕೈ ಹಿಡಿದುಕೊಂಡು, ಆ ಕೈಗಳಿಗೆ ಒಳ್ಳೆಯದಾಗಲೆಂದು ದುವಾ ಮಾಡಿದರು. ಅವತ್ತಿನಿಂದ ಸಾಂತಪ್ಪಣ್ಣನಿಗೆ ಊಟ ಸೇರಲಿಲ್ಲ. ಕಳ್ಳತನ ಮಾಡಿದವರ ಹಾಗೆ ತಲೆ ತಗ್ಗಿಸಿ ಓಡಾಡಿದರು.

ಕೊಳ್ಳುವವ ಬಂದ, ಹಳೆಯ ಪಿಸ್ತೂಲು ಸಂಗ್ರಹಿಸುವ ದಮ್ಮಾಮಿನವ. ಅಜ್ಜನೂ ಪಕ್ಕದಲ್ಲೇ ಕೂತಿದ್ದರು. ಅವನು ಭೂತಗನ್ನಡಿ ಹಿಡಿದು ನೋಡಿ, ಸಾಂತಪ್ಪಣ್ಣನನ್ನು ನೇರ ಕೇಳಿದ: “ಉಜ್ಜಿದ ಹಾಗಿದೆ. ಹೆಸರಾದರೂ ಹಳೆಯದೇ?”

ಹೌದೆಂದರೆ ಕೊಳ್ಳುವವನಿಗೆ ಮೋಸ. ಅಲ್ಲವೆಂದರೆ ಅಜ್ಜನಿಗೆ ಅಣ್ಣ ಎರಡನೆಯ ಸಲ ಸತ್ತ ಹಾಗೆ. ಸಾಂತಪ್ಪಣ್ಣ ನನ್ನ ಮುಖ ನೋಡಿದರು. ಮಾಡಿದವರೇ ಹೇಳಲಿ ಎಂದು ನಾನು ಮುಖ ತಿರುಗಿಸಿದೆ.

“ನಾನು ಗೀರಿದ್ದು” ಎಂದರು, ತಮ್ಮ ಹರುಕುಮುರುಕು ಅರಬ್ಬಿಯಲ್ಲಿ. “ಮೊದಲಿನದನ್ನು ಅಳಿಸಿದ್ದೂ ನಾನೇ. ತಪ್ಪಾಯಿತು.”

ಕೊಳ್ಳುವವ ಎದ್ದು ಹೋದ. ಅಜ್ಜ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪಿಸ್ತೂಲನ್ನು ತೊಡೆಯ ಮೇಲಿಟ್ಟುಕೊಂಡರು, ಹೆಸರಿಗೆ ಮಾತ್ರ ಬೆರಳು ಸೋಕಿಸಲಿಲ್ಲ. ಆಮೇಲೆ ಕೇಳಿದರು:

“ಪಿಸ್ತೂಲಾದರೂ ಸಾಲಿಹ್‌ನದೇ ತಾನೆ?”

“ಹೌದು ಬಾಬಾ. ದೇವರಾಣೆ ಹೌದು” ಎಂದರು ಸಾಂತಪ್ಪಣ್ಣ.

ಅಜ್ಜ ತಲೆಯಾಡಿಸಿದರು. ಆಮೇಲೆ ನನ್ನ ಕಡೆಗೆ ತಿರುಗಿ, ಅದೇ ಪ್ರಶ್ನೆಯನ್ನು ನನಗೆ ಕೇಳಿದರು.