ಬಸ್ಸು ಹತ್ತಲು ಕಲಿಸಿದ ಟೀಚರ್

ಟೀಚರ್ ಮಕ್ಕಳ ಎದುರು ನಿಲ್ಲುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹೆಣೆದುಕೊಳ್ಳುತ್ತಿದ್ದರು, ಬೆರಳ ಗಂಟುಗಳು ಬೆಳ್ಳಗಾಗುವಷ್ಟು. ಎಂತ ಗತ್ತು ಇವರದ್ದು ಎಂದು ನನಗೆ ಮೊದಮೊದಲು ಸಿಟ್ಟು. ಕೇಳಿಯೇ ಬಿಟ್ಟೆ.

"ಕೈ ಮುಂದೆ ಇದ್ದರೆ ಸಹಾಯಕ್ಕೆ ಓಡ್ತದೆ ಮಾರಾಯ್ತಿ. ಮತ್ತೆ ಮಕ್ಕಳು ಕಲಿಯುವುದು ಯಾವಾಗ?" ಎಂದು ನಕ್ಕರು.

ಉಡುಪಿಯ ಆ ವಿಶೇಷ ಶಾಲೆಗೆ ಸೇರುವಾಗ ನನ್ನ ಮಗಳಿಗೆ ಹದಿಮೂರು. ಬುದ್ಧಿಯ ಬೆಳವಣಿಗೆ ನಿಧಾನ. ಅಂಗಿಯ ಗುಂಡಿ ಹಾಕುವುದರಿಂದ ಹಿಡಿದು ಮೀನಿನ ಮುಳ್ಳು ತೆಗೆಯುವವರೆಗೆ ಎಲ್ಲ ನಾನೇ. ಮೂರು ವರ್ಷದಲ್ಲಿ ಟೀಚರ್ ಅದನ್ನೆಲ್ಲ ಒಂದೊಂದಾಗಿ ಅವಳಿಗೇ ಕಲಿಸಿದರು. ಆಮೇಲೆ ಹಿಡಿದದ್ದು ಬಸ್ಸಿನ ಹಟ. "ನಿಮಗೆ ಜ್ವರ ಬಂದ ದಿನ ಅವಳು ಮನೆಗೆ ಹೋಗುವುದು ಹೇಗೆ?" ಎಂದಾಗ ನಾನು ಒಪ್ಪಿದೆ.

ನಮ್ಮ ಕಡೆಯ ಸರ್ವಿಸ್ ಬಸ್ಸುಗಳಿಗೆ ಒಂದೊಂದಕ್ಕೆ ಒಂದೊಂದು ಬಣ್ಣ. ಓದಲು ಬಾರದವಳಿಗೆ ಬಣ್ಣ ಸಾಕೆಂದು ಟೀಚರ್ ಸಂಜೆಯ ಹಳದಿ ಬಸ್ಸನ್ನು ಆರಿಸಿದರು. ಮೊದಲು ಪಕ್ಕದಲ್ಲಿ ಕೂತರು, ಆಮೇಲೆ ಹಿಂದಿನ ಸೀಟಿನಲ್ಲಿ, ಆಮೇಲೆ ಅರ್ಧ ದಾರಿಯ ಕಾಪುವಿನಲ್ಲೇ ಇಳಿದುಬಿಟ್ಟರು. ಒಂದು ತಿಂಗಳು ಮಗಳು ಒಬ್ಬಳೇ ಉಚ್ಚಿಲದ ನಮ್ಮ ಮನೆಗೆ ಬಂದಳು. ನನಗೋ, ನೆರೆಕರೆಯಲ್ಲೆಲ್ಲ ಹೇಳಿಕೊಂಡು ತಿರುಗುವುದೇ ಕೆಲಸ.

ಒಂದು ದಿನ ಹಳದಿ ಬಸ್ಸು ಮದುವೆ ದಿಬ್ಬಣಕ್ಕೆ ಹೋಯಿತು. ಉಚ್ಚಿಲದ ಎಷ್ಟೋ ಬಸ್ಸುಗಳು ಎದುರಿನಿಂದಲೇ ಹೋದರೂ ಇವಳು ಹತ್ತಲಿಲ್ಲ. ನಾನು ಹುಡುಕಿಕೊಂಡು ಉಡುಪಿಯ ಬಸ್ ಸ್ಟ್ಯಾಂಡಿಗೆ ಹೋಗುವಾಗ ಏಳು ಗಂಟೆ. ಚೂಡಿದಾರ ಒದ್ದೆ ಮಾಡಿಕೊಂಡು ಕಂಬ ಹಿಡಿದು ನಿಂತಿದ್ದಳು. ಟೀಚರ್ ಕೂಡ ಓಡಿ ಬಂದರು. ಸ್ಟ್ಯಾಂಡಿನಲ್ಲಿ ಎಲ್ಲರೆದುರು ಬಾಯಿಗೆ ಬಂದಂತೆ ಬೈದೆ. "ನಿಮ್ಮ ಪ್ರಯೋಗಕ್ಕೆ ನನ್ನ ಮಗಳೇ ಬೇಕಿತ್ತಾ?"

"ತಪ್ಪು ನನ್ನದೇ. ಒಂದು ಬಸ್ಸು ಮಾತ್ರ ಕಲಿಸಿದೆ, ಕಂಡಕ್ಟರನ ಹತ್ತಿರ ಕೇಳುವುದನ್ನು ಕಲಿಸಲಿಲ್ಲ. ಇನ್ನೊಮ್ಮೆ ನನ್ನ ಹತ್ತಿರ ಬಿಡಿ" ಎಂದರು.

ಬಿಡಲಿಲ್ಲ. ಶಾಲೆಯನ್ನೇ ಬಿಡಿಸಿದೆ. ಅವರು ಮನೆಯವರೆಗೆ ಬಂದು ಕೇಳಿದರೂ ಒಲ್ಲೆನೆಂದೆ. ಮಗಳು ದಿನವೂ ಚೀಲ ಹೆಗಲಿಗೆ ಹಾಕಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ನನ್ನ ಹಟ ಇಳಿಯಲಿಲ್ಲ.

ಐದು ತಿಂಗಳಾದ ಮೇಲೆ ಟೀಚರ್ ತೀರಿಕೊಂಡ ಸುದ್ದಿ ಬಂತು. ಕ್ಯಾನ್ಸರ್ ಅಂತೆ. ನಮ್ಮ ಮನೆಗೆ ಬರುವಾಗಲೇ ಅವರಿಗೆ ಗೊತ್ತಿತ್ತಂತೆ. ಅಯ್ಯೋ ದೇವರೇ, ನನಗೊಂದು ಮಾತು ಹೇಳಬಾರದಿತ್ತಾ!

ಈಗ ಸ್ಟ್ಯಾಂಡಿನಲ್ಲಿ ನಾನೇ ಕಲಿಸುತ್ತೇನೆ. "ಉಚ್ಚಿಲ ಹೋಗ್ತದಾ?" ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ, ನನ್ನ ತಾಳ್ಮೆಯೂ ಹೋಗಿರುತ್ತದೆ. ವರ್ಷವಾಯಿತು, ಅವಳಿಗೆ ಕೇಳಲು ಇನ್ನೂ ಬಂದಿಲ್ಲ. ಟೀಚರಿಗೆ ಉಳಿದದ್ದೇ ಐದು ತಿಂಗಳು. ಅದನ್ನು ನನ್ನ ಮಗಳಿಗೆ ಕೊಡುತ್ತೇನೆಂದು ಮನೆಬಾಗಿಲಿಗೆ ಬಂದಿದ್ದರು, ನಾನು ಬೇಡವೆಂದೆ.